ಕೊಂಡಮೇಲೆ ಕಂಡ ದೋಷ

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಇಂಗ್ಲೆಂಡಿನಲ್ಲಿ ಉದ್ಯೋಗದಲ್ಲಿರುವನು. ಊರಿನಿಂದ ತಾಯಿಯನ್ನು ಕರೆಸಿಕೊಂಡು ಆ ದೇಶವನ್ನೆಲ್ಲ ತೋರಿಸಬೇಕೆಂಬುದು ಅವನ ಬಹುದಿನದ ಆಶೆ. ಮಡಿ, ಅಡಿಗೆಗಳ ನಿಯಮವುಳ್ಳ ಆ ವೃದ್ಧೆಗೆ ಹೋಟೆಲಿನ ವಾಸ ಒಗ್ಗದೆಂದು, ಕಳೆದ ವರ್ಷ ಮಾರ್ಚಿಯಲ್ಲಿ ಹೊಸ ಕ್ಯಾರವಾನೊಂದನ್ನು ಕೊಂಡನು. ಮೋಟಾರಿನ ಹಿಂದೆ ಕಟ್ಟಿ ಎಳೆದೊಯ್ಯುವ, ಒಲೆ, ಮಂಚ, ನೀರಿನ ತೊಟ್ಟಿಗಳುಳ್ಳ ಗಾಲಿಯ ಮನೆಯದು.

ಜೂನ್ ತಿಂಗಳಲ್ಲಿ ಎರಡು ದಿನ ಮಳೆ ಹಿಡಿಯಿತು. ಮೂರನೆಯ ದಿನ ಬಾಗಿಲು ತೆರೆದರೆ ಮುಗ್ಗಲು ವಾಸನೆ. ತಾಯಿಯ ಹಾಸಿಗೆಯ ಮಗ್ಗುಲಿನ ಗೋಡೆ ಒದ್ದೆ. ಇಂಥ ಗಾಡಿಗಳಲ್ಲಿ ಹೊರಮೈ ಕೂಡುವ ಸಂದುಗಳನ್ನೂ ಕಿಟಕಿಯ ಅಂಚುಗಳನ್ನೂ ಒಂದು ಬಗೆಯ ಅಂಟಿನಿಂದ ಮುಚ್ಚಿರುತ್ತಾರೆ. ಅದು ಎಲ್ಲಿಯಾದರೂ ಬಿಟ್ಟುಕೊಂಡರೆ ನೀರು ಒಳಗಿಳಿದು, ಮರದ ಚೌಕಟ್ಟು ಕೊಳೆಯತೊಡಗುವುದು. ಕಣ್ಣಿಗೆ ಕಾಣುವ ಹೊತ್ತಿಗೆ ಒಳಗೆ ಬಹಳಷ್ಟು ಕೆಟ್ಟಿರುವುದೂ ಉಂಟು. ಮಾರಿದ ವರ್ತಕನು, "ಮಾಡಿದವರು ಕಾರ್ಖಾನೆಯವರು, ಅವರನ್ನೇ ಕೇಳಿ" ಎಂದನು. ಕಾರ್ಖಾನೆಯವರು, "ಕೊಂಡಲ್ಲಿಗೇ ಹೋಗಿ" ಎಂದರು. ಹೀಗೆ ಮೂರು ವಾರ ಕಳೆಯಿತು.

"ಗುರುಗಳೆ, ಜಗಳವಾಡುವುದು ನನಗೆ ಬಾರದು, ನಷ್ಟವನ್ನು ನುಂಗಿಕೊಳ್ಳುತ್ತೇನೆ" ಎಂದು ಅವನು ಬರೆದ ಕಾಗದವನ್ನೋದಿ ನಮಗೆ ನೋವಾಯಿತು. ಸಹನೆಯು ದೊಡ್ಡ ಗುಣವೆಂದು ಅವನಿಗೆ ಪಾಠ ಹೇಳಿದವರು ನಾವೇ. ನ್ಯಾಯವಾಗಿ ತನಗೆ ಸಲ್ಲತಕ್ಕದ್ದನ್ನು ಕೇಳುವುದು ಜಗಳವಲ್ಲವೆಂಬುದನ್ನು ಹೇಳಿಕೊಡಲು ಮರೆತಿದ್ದೆವು.

ನಮ್ಮ ಧರ್ಮಶಾಸ್ತ್ರಕಾರರು ಇದನ್ನು ಮರೆತಿರಲಿಲ್ಲ. ಮನುವು ಎಣಿಸಿರುವ 18 ವ್ಯವಹಾರಪದಗಳಲ್ಲಿ ಕ್ರಯವಿಕ್ರಯಾನುಶಯವೂ ಒಂದು. ಯಾಜ್ಞವಲ್ಕ್ಯಸ್ಮೃತಿಯು ಕೊಂಡ ವಸ್ತುವಿನ ಪರೀಕ್ಷೆಗೆ ಅವಧಿಯನ್ನೇ ಗೊತ್ತುಮಾಡಿದೆ: ಕಬ್ಬಿಣಕ್ಕೆ 1 ದಿನ, ಕರೆಯುವ ಹಸುವಿಗೆ 3, ಹೊರೆ ಹೊರುವ ಎತ್ತಿಗೆ 5, ರತ್ನಕ್ಕೆ 7, ಬಿತ್ತನೆಯ ಬೀಜಕ್ಕೆ 10. ಕಬ್ಬಿಣವನ್ನು ಒಂದೇ ದಿನದಲ್ಲಿ ಬಡಿದು ನೋಡಬಹುದು. ಬೀಜವಾದರೋ ಮೊಳೆಯುವ ತನಕ ತನ್ನ ಗುಟ್ಟನ್ನು ಬಿಡದು. ದೋಷವು ಹೊರಬೀಳಲು ಕಾಲ ಬೇಕೆಂಬ ವಿವೇಕ ಇಲ್ಲಿದೆ.

ಇಂಗ್ಲೆಂಡಿನಲ್ಲಿ 2015ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಗ್ರಾಹಕ ಹಕ್ಕುಗಳ ಶಾಸನದಲ್ಲಿಯೂ ಇದೇ ವಿವೇಕವನ್ನು ಕಾಣುತ್ತೇವೆ. ಮಾರಿದ ಸರಕು ತಕ್ಕ ಗುಣದ್ದಾಗಿ, ಉದ್ದೇಶಕ್ಕೆ ಒದಗುವಂತಹುದಾಗಿ, ವರ್ಣಿಸಿದಂತೆಯೇ ಇರತಕ್ಕದ್ದು. ಇಲ್ಲವಾದರೆ ಮೊದಲ 30 ದಿನಗಳೊಳಗೆ ಹಿಂದಕ್ಕೆ ಕೊಟ್ಟು ಹಣವನ್ನು ಪೂರ್ತಿಯಾಗಿ ಪಡೆಯಬಹುದು. ಆ ಬಳಿಕ ಸರಿಪಡಿಸಲು ಇಲ್ಲವೆ ಬದಲಿ ಕೊಡಲು ವರ್ತಕನಿಗೆ ಒಂದು ಅವಕಾಶವುಂಟು. ಅದರ ಖರ್ಚೆಲ್ಲ ಅವನದೇ. ಅದೂ ಫಲಿಸದಿದ್ದರೆ ಬೆಲೆಯಲ್ಲಿ ಕಡಿತವನ್ನು ಕೇಳಬಹುದು, ಅಥವಾ ವಸ್ತುವನ್ನೇ ನಿರಾಕರಿಸಬಹುದು. ಆರು ತಿಂಗಳೊಳಗೆ ತೋರಿದ ದೋಷವು ಮೊದಲಿನಿಂದಲೂ ಇದ್ದಿತೆಂದೇ ಭಾವಿಸತಕ್ಕದ್ದು. ಇರಲಿಲ್ಲವೆಂದು ಸಾಧಿಸುವ ಹೊಣೆ ವರ್ತಕನ ಮೇಲಿದೆ. ಮುಖ್ಯವಾದ ಮಾತೆಂದರೆ, ಕರಾರು ನಡೆದಿರುವುದು ಮಾರಿದವನೊಡನೆ. ಕಾರ್ಖಾನೆಯ ವಾರಂಟಿಯು ಹೆಚ್ಚಿನ ರಕ್ಷಣೆಯೇ ಹೊರತು ವರ್ತಕನು ನುಸುಳಿಕೊಳ್ಳುವ ಕಿಂಡಿಯಲ್ಲ.

ಇಷ್ಟನ್ನು ತಿಳಿದುಕೊಂಡು, ಬಿರುಸು ಮಾತೊಂದೂ ಇಲ್ಲದೆ ವರ್ತಕನಿಗೇ ಪತ್ರ ಬರೆಯೆಂದು ಹೇಳಿದೆವು. ದೋಷ ಕಂಡ ದಿನಾಂಕ, ಭಾವಚಿತ್ರಗಳು, ರಸೀದಿಯ ಪ್ರತಿ ಇವೆಲ್ಲವನ್ನೂ ಅವನು ಸೇರಿಸಿದನು. ಜುಲೈಯಲ್ಲಿ ವರ್ತಕನು ಗಾಡಿಯನ್ನು ಒಯ್ದು ಸಂದುಗಳನ್ನು ಮುಚ್ಚಿಸಿ ಕೊಟ್ಟನು. ಆಗಸ್ಟಿನ ಮಳೆಗೆ ಗೋಡೆ ಮತ್ತೆ ಒದ್ದೆಯಾಯಿತು. ಆಗ ನಮ್ಮ ಶಿಷ್ಯನು ವಸ್ತುವನ್ನು ನಿರಾಕರಿಸಿ ಎರಡನೆಯ ಪತ್ರ ಬರೆದನು. ಕೆಲವು ವಾರಗಳಲ್ಲಿ ಕೊಟ್ಟ ಹಣವೆಲ್ಲ ಹಿಂದಿರುಗಿತು.

ನಮ್ಮ ಗೃಹಿಣಿಯರು ಕ್ಯಾರವಾನ್ ಕೊಳ್ಳಲಾರರು; ಮಿಕ್ಸಿಯನ್ನೂ ಫ್ರಿಜ್ಜನ್ನೂ ಕೊಳ್ಳುವರು. "ಕಂಪೆನಿಯವರನ್ನು ಕೇಳಿ" ಎಂಬ ಮಾತನ್ನು ಕೇಳದ ಮನೆ ಯಾವುದಿದೆ? ನಮ್ಮಲ್ಲಿಯೂ 2019ರ ಗ್ರಾಹಕ ಸಂರಕ್ಷಣಾ ಶಾಸನವು 2020ರ ಜುಲೈ 20ರಿಂದ ಜಾರಿಯಲ್ಲಿದೆ. ದೋಷವುಳ್ಳ ಸರಕನ್ನು ರಸೀದಿಯಲ್ಲಿ ಹೇಳಿದ ಅವಧಿಯೊಳಗೆ, ಅವಧಿಯನ್ನು ಹೇಳಿರದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆದು ಹಣ ಕೊಡಲು ಒಪ್ಪದಿರುವುದನ್ನು ಅದು ಅನುಚಿತ ವ್ಯಾಪಾರ ಪದ್ಧತಿಯೆಂದು ಕರೆದಿದೆ. ಆದ್ದರಿಂದ "ಮಾರಿದ ಸರಕನ್ನು ಹಿಂದಕ್ಕೆ ಪಡೆಯುವುದಿಲ್ಲ" ಎಂದು ಅಚ್ಚು ಹಾಕಿಸಿದ ಮಾತ್ರಕ್ಕೆ ವರ್ತಕನ ಹೊಣೆ ತೀರದು. ನಾವು ವಾಸವಾಗಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ಎರಡು ವರ್ಷದೊಳಗೆ ದೂರು ಕೊಡಬಹುದು; ಸರಕಿನ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಅದಕ್ಕೂ ಮೊದಲು ಸಲಹೆ ಬೇಕಾದವರು 1915 ಎಂಬ ಸಂಖ್ಯೆಗೆ ದೂರವಾಣಿ ಮಾಡಬಹುದು. ಆದಕಾರಣ ರಸೀದಿಯನ್ನು ಬೇಳೆಯ ಡಬ್ಬಿಯ ಕೆಳಗೆ ಮರೆಯದೆ ಒಂದೆಡೆ ಕಾದಿಡಿರಿ. ದೋಷ ಕಂಡ ದಿನವೇ ಬರೆದು ತಿಳಿಸಿರಿ.

ನಮ್ಮ ಶಿಷ್ಯನ ತಾಯಿ ಸೆಪ್ಟೆಂಬರಿನಲ್ಲಿ ಊರಿಗೆ ಬಂದರು. ನೋಡಲು ಹೋದಾಗ, "ಮಳೆಯನ್ನು ನೋಡಿ ಬಂದೆ ಮೇಷ್ಟ್ರೆ" ಎಂದು ನಕ್ಕರು. ಮಗನಿಗೆ ಹಣ ಮರಳಿತಾದರೂ ಅವರಿಗೆ ಆ ಬೇಸಗೆ ಮರಳಲಿಲ್ಲ. ಸಂಕೋಚದಲ್ಲಿ ಕಳೆದ ಆ ಮೂರು ವಾರಗಳಲ್ಲಿ ನಮ್ಮ ಪಾಠದ ಪಾಲೂ ಇದ್ದಿತೆಂದು ನಮಗೆ ಈಗಲೂ ತೋರುತ್ತದೆ.