ಶಾಲೆಯ ಗಿಡಕ್ಕೆ ಬೇಸಿಗೆಯಲ್ಲಿ ನೀರು ಹಾಕುವವರು ಯಾರು?



ಕಳೆದ ಜೂನ್ 5ರಂದು ನಿಮ್ಮೂರ ಶಾಲೆಯಲ್ಲಿ ಎಷ್ಟು ಸಸಿ ನೆಟ್ಟರು? ಅವುಗಳಲ್ಲಿ ಬಸವ ಜಯಂತಿಯ ಹೊತ್ತಿಗೆ ಎಷ್ಟು ಉಳಿದಿದ್ದವು? ಮೊದಲನೆಯ ಪ್ರಶ್ನೆಗೆ ಉತ್ತರ ಕೊಡುವವರು ಬಹಳ ಮಂದಿ. ಎರಡನೆಯದನ್ನು ಯಾರೂ ಲೆಕ್ಕ ಇಟ್ಟಿರುವುದಿಲ್ಲ. ನಮ್ಮ ಊರುಗಳ ಶಾಲಾ ತೋಟದ ಸಮಸ್ಯೆಯೆಲ್ಲ ಈ ಎರಡನೆಯ ಪ್ರಶ್ನೆಯಲ್ಲಿಯೇ ಅಡಗಿದೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳ ನೆಲ ನಿಮಗೆ ಹೊಸದೇನಲ್ಲ. ಇವುಗಳಿಂದ ಈಚೆಗೆ ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟಿ, ನಿಡಗುಂದಿ, ಕೊಲ್ಹಾರ ಎಂಬ ಹೊಸ ತಾಲೂಕುಗಳು ಆಗಿವೆ. ಆದರೆ ನೆಲವೂ ಬಿಸಿಲೂ ಬದಲಾಗಿಲ್ಲ. ವರ್ಷದ ಮಳೆ 600 ಮಿ.ಮೀ. ಆಸುಪಾಸು, ಬೇರೆ ತಿಂಗಳುಗಳಿಗಿಂತ ಹೆಚ್ಚು ಬೀಳುವುದು ಸೆಪ್ಟೆಂಬರಿನಲ್ಲಿ. ಕಾಲುವೆ, ಏತ ನೀರಾವರಿಗಳಿಂದ ಕೆಲವು ಹೊಲಗಳಿಗೂ ಕೆರೆಗಳಿಗೂ ನೀರು ಬಂದಿದೆ, ನಿಜ. ಆದರೆ ಶಾಲೆಯ ಅಂಗಳಕ್ಕೆ ಕಾಲುವೆ ಬರುವುದಿಲ್ಲ. ಅಲ್ಲಿಗೆ ನೀರು ಬರಬೇಕಾದರೆ ಮನುಷ್ಯರ ಕೈಯಿಂದಲೇ ಬರಬೇಕು.

ಗಿಡ ಸಾಯುವುದು ಯಾವಾಗ?

ನನಗೆ ಗೊತ್ತಿರುವ ಒಂದು ಊರಿನ ಶಾಲೆಯಲ್ಲಿ ಒಂದೇ ದಿನ ನೂರು ಸಸಿ ನೆಟ್ಟರು. ಹಾರ, ಭಾಷಣ, ಫೋಟೋ ಎಲ್ಲವೂ ಆಯಿತು. ಮಕ್ಕಳು ಮಾರ್ಚ್ ತನಕ ಅಷ್ಟಿಷ್ಟು ನೀರು ಹಾಕಿ ನಲವತ್ತರಷ್ಟನ್ನು ಉಳಿಸಿದ್ದರು. ಏಪ್ರಿಲ್ ಎರಡನೆಯ ವಾರ ಶಾಲೆಗೆ ರಜೆ ಬಿಟ್ಟಿತು. ಗೇಟಿನ ಚಿಲಕ ಯಾರೋ ತೆಗೆದರು, ಆಡು ಕುರಿ ಹೊಕ್ಕವು. ಅವು ಬಿಟ್ಟದ್ದನ್ನು ಬಿಸಿಲು ತಿಂದಿತು. ಮೇ ಕೊನೆಗೆ ಮಕ್ಕಳು ತಿರುಗಿ ಬಂದಾಗ ಇದ್ದದ್ದು ಮೂರು ಬೇವಿನ ಗಿಡ. ಜೂನ್ 5ಕ್ಕೆ ಅದೇ ಕುಣಿಗಳಲ್ಲಿ ಮತ್ತೆ ನೂರು ಸಸಿ ನೆಟ್ಟರು!

ಇಲ್ಲಿ ತಪ್ಪು ಶಿಕ್ಷಕರದೂ ಅಲ್ಲ, ಮಕ್ಕಳದೂ ಅಲ್ಲ. ಗಿಡಕ್ಕೆ ನೀರು ಅತ್ಯವಶ್ಯವಾಗಿ ಬೇಕಾದ ಏಳು ವಾರಗಳಲ್ಲಿಯೇ ಶಾಲೆಗೆ ಬೀಗ ಬಿದ್ದಿರುತ್ತದೆ. ಆ ಏಳು ವಾರ ಗಿಡವನ್ನು ಕಾಯಬೇಕಾದವರು ಊರವರು. ಇಷ್ಟು ಮಾತನ್ನು ನಾವು ಒಪ್ಪಿಕೊಂಡರೆ ಅರ್ಧ ಕೆಲಸ ಆದಂತೆ.

ನೀರಿನ ಲೆಕ್ಕ

'ಕುಡಿಯಲಿಕ್ಕೇ ನೀರಿಲ್ಲ, ಗಿಡಕ್ಕೆ ಎಲ್ಲಿಂದ ತರೋಣ?' ಎಂದು ಕೇಳುವಿರಿ. ನ್ಯಾಯವಾದ ಪ್ರಶ್ನೆ. ಆದುದರಿಂದ ಲೆಕ್ಕ ಹಾಕಿಯೇ ನೋಡೋಣ. ನೂರು ಬೇಡ, ಇಪ್ಪತ್ತೇ ಸಸಿ ಇರಲಿ. ಒಂದಕ್ಕೆ ಒಂದು ಸಲಕ್ಕೆ 10 ಲೀಟರಿನಂತೆ ವಾರಕ್ಕೆ ಎರಡು ಸಲ ಹಾಕಿದರೆ ವಾರಕ್ಕೆ 400 ಲೀಟರು. ಫೆಬ್ರುವರಿಯಿಂದ ಮೇ ಕೊನೆಯವರೆಗೆ ಸುಮಾರು 17 ವಾರ. ಒಟ್ಟು 6,800 ಲೀಟರು. ಎಂದರೆ 5,000 ಲೀಟರಿನ ಟ್ಯಾಂಕರು ಒಂದೂವರೆಗಿಂತ ಸಾಧಾರಣ ಕಡಿಮೆ. ಒಂದು ಮದುವೆಗೆ ಇದಕ್ಕಿಂತ ಹೆಚ್ಚು ನೀರು ತರಿಸುತ್ತೇವೆ. ಇಪ್ಪತ್ತು ಮನೆಗಳು ಒಂದೊಂದು ಗಿಡ ಹಂಚಿಕೊಂಡರೆ ಒಂದು ಮನೆಗೆ ಬರುವ ಭಾರ ವಾರಕ್ಕೆ ಎರಡು ಕೊಡ ಮಾತ್ರ.

ಶಾಲೆ ನಡೆಯುವ ದಿನಗಳಲ್ಲಿ ಇಷ್ಟೂ ಬೇಡ. 2002ರಲ್ಲಿ ಅಕ್ಷರ ದಾಸೋಹ ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ನಮ್ಮದೂ ಒಂದು. ಅಂದಿನಿಂದ ಮಕ್ಕಳು ಶಾಲೆಯಲ್ಲಿಯೇ ಉಣ್ಣುತ್ತಾರೆ, ಅಲ್ಲಿಯೇ ಕೈ ತೊಳೆಯುತ್ತಾರೆ. ನೂರೈವತ್ತು ಮಕ್ಕಳು ತಲಾ ಒಂದು ಲೀಟರು ಬಳಸಿದರೂ ದಿನಕ್ಕೆ 150 ಲೀಟರು ನೀರು ಬಚ್ಚಲಿನಲ್ಲಿ ನಿಂತು ಸೊಳ್ಳೆ ಸಾಕುತ್ತದೆ. ಅದೇ ನೀರನ್ನು ಉಸುಕು ತುಂಬಿದ ಸಣ್ಣ ಗುಂಡಿಯ ಮೂಲಕ ಹಾಯಿಸಿ ಗಿಡಗಳ ಪಾತಿಗೆ ಬಿಡಬಹುದು. ಸಾಬೂನು ಬಹಳ ಇರುವ ಪಾತ್ರೆಯ ನೀರನ್ನು ಮಾತ್ರ ಸೊಪ್ಪಿನ ಮಡಿಗೆ ಬಿಡಬಾರದು. ಇನ್ನು ಮಳೆಯ ನೀರು. 100 ಚದರ ಮೀಟರು ಮಾಳಿಗೆಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ 1,000 ಲೀಟರು. ಅದನ್ನು ಅಂಗಳದಿಂದ ಹೊರಗೆ ಓಡಗೊಡದೆ ಗಿಡಗಳ ಸಾಲಿನತ್ತ ತಿರುಗಿಸಬೇಕು. ಹೊಲಕ್ಕೆ ಒಡ್ಡು ಹಾಕಿ ಬಿದ್ದ ಮಳೆಯನ್ನು ಬಿದ್ದಲ್ಲಿಯೇ ಇಂಗಿಸುವ ಪಾಠವನ್ನು ವಿಜಯಪುರದ ಒಣಬೇಸಾಯ ಸಂಶೋಧನೆ 1930ರ ದಶಕದಿಂದಲೂ ಹೇಳುತ್ತ ಬಂದಿದೆ. ಹೊಲಕ್ಕೆ ಸಲ್ಲುವ ಪಾಠ ಅಂಗಳಕ್ಕೂ ಸಲ್ಲುತ್ತದೆ.

ಏನನ್ನು, ಯಾವಾಗ, ಹೇಗೆ ನೆಡಬೇಕು?

ಜೂನ್ 5 ನಮ್ಮ ನೆಲಕ್ಕೆ ನೆಡುವ ದಿನವಲ್ಲ. ಅಂದು ಬೇಕಾದರೆ ಸಭೆ ಮಾಡಿ. ಮೇ ತಿಂಗಳಲ್ಲಿ ಎರಡು ಅಡಿ ಉದ್ದ, ಅಗಲ, ಆಳದ ಕುಣಿ ತೋಡಿ ಬಿಸಿಲಿಗೆ ಬಿಡಿ. ಎರೆ ಮಣ್ಣಾದರೆ ಮೇಲ್ಮಣ್ಣಿಗೆ ಎರಡು ಬುಟ್ಟಿ ಕಳಿತ ತಿಪ್ಪೆಗೊಬ್ಬರ, ಸಿಕ್ಕರೆ ಸ್ವಲ್ಪ ಕೆಂಪು ಮಣ್ಣು ಕೂಡಿಸಿ ತುಂಬಿ. ನೆಲ ಚೆನ್ನಾಗಿ ಹಸಿಯಾದ ಮೇಲೆ ಸಸಿ ನೆಡಿ. ಮಳೆ ಹಿಂದುಳಿದ ಬಳಿಕ ಎರೆ ನೆಲ ಬಿರಿಯತೊಡಗುತ್ತದೆ. ಆಗ ಬುಡದ ಮಣ್ಣು ಸಡಿಲಿಸಿ ಬಿರುಕು ಮುಚ್ಚಿ, ಜೋಳದ ಕೊಯ್ಯ, ತೊಗರಿ ಹೊಟ್ಟು, ಒಣ ಎಲೆ ಹೊದಿಸಬೇಕು. ಬುಡದಲ್ಲಿ ಸಣ್ಣ ತೂತಿನ ಹಳೆಯ ಮಣ್ಣಿನ ಗಡಿಗೆ ಹುಗಿದು ಅದಕ್ಕೆ ನೀರು ತುಂಬಿದರೆ ಬೇರಿಗೇ ನೀರು ತಲುಪುತ್ತದೆ. ಸುತ್ತಲೂ ಜಾಲಿ ಮುಳ್ಳು ಕಟ್ಟುವುದನ್ನು ಮರೆಯಬಾರದು.

ನೆರಳಿಗೆ ಬೇವು, ಹೊಂಗೆ, ಹುಣಸೆ ಸಾಕು. ಇವು ನಮ್ಮ ನೆಲದವು. ಎರಡು ಬೇಸಿಗೆ ದಾಟಿಸಿದರೆ ಮೂರನೆಯದನ್ನು ಬಹುಮಟ್ಟಿಗೆ ತಾವೇ ದಾಟುತ್ತವೆ. ಹಣ್ಣಿಗೆ ಬಾರೆ, ಸೀತಾಫಲ, ನೆಲ್ಲಿ. ಅಡಿಗೆಯ ಕೋಣೆಯ ಹತ್ತಿರ ಎರಡು ನುಗ್ಗೆ, ಎರಡು ಕರಿಬೇವು. ಬಚ್ಚಲಿನ ನೀರು ತಲುಪುವ ಕಡೆ ಒಂದು ನಿಂಬೆ. ಇಂಡಿಯ ನಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಬಂತು; ಆ ಗಿಡ ನಮ್ಮ ಶಾಲೆಯಲ್ಲಿಯೇ ಇಲ್ಲದಿದ್ದರೆ ಹೇಗೆ? ಮಳೆಗಾಲದಿಂದ ಜನವರಿಯ ತನಕ ಪುಂಡಿ, ಮೆಂತ್ಯೆ, ರಾಜಗಿರಿ, ಸಬ್ಬಸಗಿಯ ಸಣ್ಣ ಮಡಿಗಳಿರಲಿ. ಬಿಸಿಯೂಟದ ಸಾರಿಗೆ ದಿನವೂ ಒಂದು ಹಿಡಿ ಹಸಿರು ಪಲ್ಯೆ ಬಿದ್ದರೂ ಅದು ಮಕ್ಕಳ ಮೈಗೆ ಹತ್ತುತ್ತದೆ.

'ಇದು ಸರಕಾರದ ಕೆಲಸ'

ಹೀಗೆ ಹೇಳುವವರೂ ಇದ್ದಾರೆ. ಸರಕಾರದ ಪಾಲು ಸರಕಾರ ಮಾಡಲಿ. ಸಸಿ ಕೊಡಲು ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಿವೆ. ಅನೇಕ ಶಾಲೆಗಳ ಕಾಂಪೌಂಡ್ ಗೋಡೆಗಳು ಉದ್ಯೋಗ ಖಾತರಿಯಲ್ಲಿ ಆಗಿವೆ. ನಮ್ಮ ಜಿಲ್ಲೆಯಲ್ಲಿ 2016ರ ಸುಮಾರಿಗೆ ಆರಂಭವಾದ ಕೋಟಿ ವೃಕ್ಷ ಅಭಿಯಾನದಿಂದ ಗಿಡ ನೆಡುವ ಹುರುಪು ಹಳ್ಳಿಹಳ್ಳಿಗೂ ಬಂದಿತು. ಭೂತನಾಳ ಕೆರೆಯ ಕಡೆ ಬೋಳು ನೆಲ ಹಸಿರಾದದ್ದನ್ನು ನೋಡಿದವರು ನಿಮ್ಮಲ್ಲಿಯೂ ಇದ್ದೀರಿ. ಆದರೆ ಯಾವ ಇಲಾಖೆಯೂ ಮೇ ತಿಂಗಳ ಮಧ್ಯಾಹ್ನ ನಿಮ್ಮೂರ ಶಾಲೆಯ ಗೇಟು ಕಾಯಲಾರದು. ಆಲಮಟ್ಟಿಯ ಉದ್ಯಾನ ನೋಡಲು ನಾವು ಗಾಡಿ ಕಟ್ಟಿಕೊಂಡು ಹೋಗುತ್ತೇವೆ. ನಮ್ಮ ಊರಿನಲ್ಲಿಯೋ, ಪಟ್ಟಣದ ಬಡಾವಣೆಯಲ್ಲಿಯೋ ಉದ್ಯಾನಕ್ಕೆಂದು ಬಿಟ್ಟ ಜಾಗದಲ್ಲಿ ಬಳ್ಳಾರಿ ಜಾಲಿಯೂ ಕಾಂಗ್ರೆಸ್ ಕಸವೂ ಬೆಳೆದಿದ್ದರೆ ಮುಖ ತಿರುಗಿಸಿ ನಡೆಯುತ್ತೇವೆ. ಅಲ್ಲಿಗೂ ಇದೇ ಲೆಕ್ಕ: ಮೊದಲು ಕಾಯುವವರು, ಆಮೇಲೆ ಸಸಿ.

ಭಾರ ಯಾರ ಮೇಲೆ?

ಇಲ್ಲಿ ಒಂದು ಎಚ್ಚರಿಕೆಯ ಮಾತು. ಶ್ರಮದಾನವೆಂದರೆ ಬಡವರಿಂದ ಪುಕ್ಕಟೆ ದುಡಿಸಿಕೊಳ್ಳುವುದಲ್ಲ. ಬೇಸಿಗೆಯಲ್ಲಿ ಎಷ್ಟೋ ಕೂಲಿಯ ಕುಟುಂಬಗಳು ಗೋವೆಗೆ, ಮಹಾರಾಷ್ಟ್ರಕ್ಕೆ ದುಡಿಯಲು ಹೋಗಿರುತ್ತವೆ. ಅವರ ಸರದಿಯನ್ನು ಕೇಳುವುದು ಸಲ್ಲದು. ಬೋರು ಇದ್ದವರು ನೀರು ಕೊಡಲಿ, ಟ್ರ್ಯಾಕ್ಟರು ಇದ್ದವರು ಎರಡು ಸಲ ಟ್ಯಾಂಕರು ಎಳೆಯಲಿ, ಜೋಳದ ಸುಗ್ಗಿ ಮುಗಿಸಿ ಕಟ್ಟೆಯ ಮೇಲೆ ಕುಳಿತವರು ಕೈ ಕೊಡಲಿ. ಕೊಡ ಹೊರುವುದು ಹೆಣ್ಣುಮಕ್ಕಳಿಗೇ ಮೀಸಲಾಗಬಾರದು. ಪಾಠದ ಹೊತ್ತಿನಲ್ಲಿ ಮಕ್ಕಳಿಂದ ನೀರು ಹೊರಿಸಬಾರದು. ತಮ್ಮ ಹೆಸರಿನ ಗಿಡಕ್ಕೆ ಒಂದು ತಂಬಿಗೆ ಹಾಕಿ ಅದು ಬೆಳೆಯುವುದನ್ನು ನೋಡುವಷ್ಟು ಅವರಿಗೆ ಸಾಕು. ಯಾವ ಓಣಿಯವರು ಗಿಡ ಮುಟ್ಟಬೇಕು, ಯಾವ ಓಣಿಯವರು ಬೇಡ ಎಂಬ ಮಾತು ಅಲ್ಲಿ ಹುಟ್ಟಲೇಬಾರದು. ಕಾಯಕ, ದಾಸೋಹ ಎಂಬ ಮಾತುಗಳನ್ನು ಜಗತ್ತಿಗೆ ಕೊಟ್ಟ ಬಸವಣ್ಣನವರು ಹುಟ್ಟಿದ ನೆಲ ಇದು.

ಆದುದರಿಂದ ಈ ವರ್ಷ ಹೀಗೆ ಮಾಡಿ. ನೆಡುವ ಮೊದಲೇ ಶಾಲೆಯ ಎಸ್.ಡಿ.ಎಂ.ಸಿ. ಸಭೆ ಕರೆಸಿ. ಬೇಸಿಗೆಗೆ ನೀರು ಹಾಕಲು ಒಪ್ಪುವ ಮನೆಗಳು ಎಷ್ಟು ಎಂದು ಕೇಳಿ, ಹೆಸರು ಬರೆದು ಗೋಡೆಗೆ ಹಚ್ಚಿ. ಎಂಟು ಮನೆ ಒಪ್ಪಿದರೆ ಎಂಟೇ ಸಸಿ ನೆಡಿ, ಒಂಬತ್ತನೆಯದು ಬೇಡ. ಗೇಟಿನ ಕೀಲಿ ಹತ್ತಿರದ ಮನೆಯವರ ಕೈಯಲ್ಲಿರಲಿ. ಬಸವ ಜಯಂತಿಯ ದಿನ ಎಲ್ಲರೂ ಕೂಡಿ ಬದುಕಿದ ಗಿಡಗಳನ್ನು ಎಣಿಸಿ, ಆ ಸಂಖ್ಯೆಯನ್ನು ಅದೇ ಗೋಡೆಯ ಮೇಲೆ ಬರೆಯಿರಿ. ಎಂಟರಲ್ಲಿ ಆರು ಉಳಿದರೆ ಅದು ನೂರು ನೆಟ್ಟು ಮೂರು ಉಳಿಸಿದ್ದಕ್ಕಿಂತ ದೊಡ್ಡ ಕೆಲಸ. ಮುಂದಿನ ವರ್ಷ ಎಷ್ಟು ನೆಡಬೇಕೆಂಬುದನ್ನು ಆ ಆರು ಗಿಡಗಳೇ ನಿಮಗೆ ಹೇಳುತ್ತವೆ.