ಮುಟ್ಟು ಕಡಿಮೆಯಾದ್ರೆ ಚೀನಾ ಪುಡಿನಾ?

ಮುಟ್ಟು ಸರಿಯಾಗಿ ಹೋಗ್ತಿಲ್ಲ ಅಂತ ಕಮಲಾಪುರದಲ್ಲಿರೋ ನಮ್ಮ ಚಿಕ್ಕಮ್ಮನ ಮಗಳು ಚೀನಾದ ಗಿಡಮೂಲಿಕೆ ಪುಡಿ ತರಿಸ್ಕೊಂಡು ಕುಡೀತಿದಾಳೆ. ನಾಲ್ಕು ದಿನ ಇದ್ದದ್ದು ಈಗ ಒಂದೇ ದಿನ, ಅದೂ ಬರೀ ಕಲೆಯಷ್ಟು. "ಸಾವಿರ ವರ್ಷದ ಔಷಧ ಅಕ್ಕಾ, ಏನೂ ಆಗಂಗಿಲ್ಲ" ಅಂತಾಳೆ.

ಸಾವಿರ ವರ್ಷ ಅನ್ನೋದು ಹತ್ತಿರ ಹತ್ತಿರ ನಿಜಾನೇ. ಅದು ಸೋಂಗ್ ರಾಜರ ಕಾಲದ ಗ್ರಂಥದಲ್ಲಿರೋ 'ಸಿ ವು ತಾಂಗ್', ನಾಲ್ಕು ಮೂಲಿಕೆಗಳ ಕಷಾಯ. ನಾಡಿ, ನಾಲಿಗೆ ನೋಡಿ 'ರಕ್ತದ ಕೊರತೆ' ಅಂತ ಹೇಳಿ ಕೊಡೋದು. ಏನೂ ಆಗಲ್ಲ ಅನ್ನೋದು ಮಾತ್ರ ಸುಳ್ಳು. ಅದರಲ್ಲಿರೋ ಡಾಂಗ್ ಕ್ವಾಯ್ ಬೇರು ವಾರ್ಫರಿನ್ ಮಾತ್ರೆ ತಗೊಳ್ಳೋರಿಗೆ ರಕ್ತಸ್ರಾವ ಹೆಚ್ಚಿಸಬಹುದು.

ಆದ್ರೆ ನನ್ನ ಜಗಳ ಚೀನಾದ ಜೊತೆಗಲ್ಲ. ಕೆಂಪು ಬಾಳೆಹಣ್ಣು ತಿಂದ್ರೆ ರಕ್ತ ಹೆಚ್ಚಾಗುತ್ತೆ ಅನ್ನೋ ಅಜ್ಜಿ ನಮ್ಮನೇಲೂ ಇದ್ದರು :) ಜಗಳ ಇರೋದು 'ಹೇಗಾದ್ರೂ ಹರಿಸಿಬಿಡಬೇಕು' ಅನ್ನೋ ಯೋಚನೆ ಜೊತೆ. ಕೆಟ್ಟ ರಕ್ತ ಒಳಗೇ ಉಳಿಯುತ್ತೆ ಅಂತ ಹೆದರಿಸ್ತಾರಲ್ಲ, ಸಾಮಾನ್ಯವಾಗಿ ಹಾಗೇನೂ ಉಳಿಯಲ್ಲ ರೀ. ಗರ್ಭಕೋಶದ ಒಳಪದರ ತೆಳುವಾಗಿದ್ರೆ ಹೋಗೋದೂ ಕಡಿಮೆ, ಅಷ್ಟೇ. ಮೊದಲಿಂದಲೂ ಕಡಿಮೆ ಇದ್ದೋರಿಗೆ, ಗರ್ಭನಿರೋಧಕ ಮಾತ್ರೆ ತಗೊಳ್ಳೋರಿಗೆ ಅದು ಸಹಜ.

ಇದ್ದಕ್ಕಿದ್ದಂತೆ ಕಡಿಮೆಯಾದ್ರೆ ಕಾರಣ ಹುಡುಕಬೇಕು. ಬಸಿರಾಗಿರಬಹುದು, ಥೈರಾಯ್ಡ್ ಇರಬಹುದು, ಪಿಸಿಓಎಸ್ ಇರಬಹುದು, ಗರ್ಭಪಾತದ ನಂತರ ಕ್ಲೀನ್ ಮಾಡಿದಾಗ ಆದ ಗಾಯ ಇರಬಹುದು.. ನಮ್ಮ ದೇಶದಲ್ಲಿ ಮರೆಯಲೇಬಾರದ್ದು ಗರ್ಭಕೋಶದ ಕ್ಷಯ. ಕೆಮ್ಮು, ಜ್ವರ ಏನೂ ಇಲ್ಲದೆ ಒಳಪದರ ಹಾಳುಮಾಡಿ ಗೋಡೆಗಳನ್ನ ಅಂಟಿಸಿಬಿಡಬಹುದು. ಸರ್ಕಾರಿ ಆಸ್ಪತ್ರೇಲಿ ಇದಕ್ಕೆ ಪುಕ್ಕಟೆ ಔಷಧ ಇದೆ. ಪುಡಿ ಕುಡೀತಾ ತಿಂಗಳುಗಟ್ಟಲೆ ಕೂತ್ರೆ ತಾಯಾಗೋ ಅವಕಾಶವೇ ಹೋಗಬಹುದು.

ಡಾಕ್ಟರಿಗೆ ತೋರಿಸು ಅಂದ್ರೆ ಅವಳ ಉತ್ತರ: "ಹೋದ್ರ ಗರ್ಭಚೀಲಾನೇ ತೆಗೀತಾರ." ಈ ಮಾತಿಗೆ ನನಗೆ ನಗು ಬರಲ್ಲ. ಕಲಬುರಗಿ ಜಿಲ್ಲೆಯ ತಾಂಡಾಗಳಿಂದ ಬಿಳಿಸೆರಗು, ಬೆನ್ನುನೋವು ಅಂತ ಬಂದ ಲಂಬಾಣಿ ಹೆಣ್ಮಕ್ಕಳ ಗರ್ಭಕೋಶ ತೆಗೆದ ಪ್ರಕರಣ 2015ರಲ್ಲಿ ದೊಡ್ಡ ಸುದ್ದಿಯಾಯ್ತು. ನೂರಾರು ಹೆಂಗಸರು ಕಳಕೊಂಡದ್ದನ್ನ ಯಾರೂ ವಾಪಸ್ ಕೊಡಲಿಲ್ಲ. ಪುಡಿ ಮಾರೋರಿಗೆ ಗಿರಾಕಿ ಹುಟ್ಟಿಸಿದ್ದು ಇಂಥ ಆಸ್ಪತ್ರೆಗಳೇ.

ಅದಕ್ಕೇ ಹೇಳೋದು, ಹೆದರಿಕೆ ಸುಳ್ಳಲ್ಲ, ಆದ್ರೆ ಪರೀಕ್ಷೆ ಬೇರೆ, ಆಪರೇಷನ್ ಬೇರೆ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸಿ. ಯಾಕೆ ಕಡಿಮೆಯಾಗಿದೆ ಅಂತ ಕೇಳಿ, ರಿಪೋರ್ಟ್ ಕೈಗೆ ತಗೊಳ್ಳಿ. ಗರ್ಭಕೋಶ ತೆಗೀಬೇಕು ಅಂದ್ರೆ ಸಹಿ ಹಾಕದೆ ಎದ್ದು ಬಂದು ಇನ್ನೊಬ್ಬ ಡಾಕ್ಟರಿಗೆ ತೋರಿಸಿ. ಕಾರಣ ಗೊತ್ತಿಲ್ಲದೆ ಕೊಡೋ ಔಷಧ ಬೀಜಿಂಗಿನದ್ದಾದ್ರೇನು, ಕಲಬುರಗಿಯದ್ದಾದ್ರೇನು?

ನೀವೇನಂತೀರಿ?