ನಿಧಾನ ಎಲ್ಲಿದೆ? ಹುಡುಕೋಣ

ಮಕ್ಕಳೇ, ಮನೆಯ ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೆ ಏನು ಮಾಡುತ್ತೀರಿ? ಪಕ್ಕದ ಮನೆಯಲ್ಲಿ ಹೇಗೆ ಬರುತ್ತಿದೆ ಎಂದು ಕೇಳುತ್ತೀರಿ, ಅಲ್ಲವೆ? ಅಲ್ಲಿಯೂ ಸಣ್ಣಗೆ ಬರುತ್ತಿದ್ದರೆ ದೋಷ ನಿಮ್ಮ ನಲ್ಲಿಯದಲ್ಲ. ಬೀದಿಯ ಪೈಪಿನದೋ ಟ್ಯಾಂಕಿನದೋ ಇರಬೇಕು. ಆದರೆ ಶಾಲೆಯ ಗಣಕದಲ್ಲಿ ಅಂತರಜಾಲ ನಿಧಾನವಾದರೆ ಮಾತ್ರ ಎಷ್ಟೋ ಕಡೆ "ಕಂಪ್ಯೂಟರ್ ಕೆಟ್ಟಿದೆ" ಎಂದು ಬಟ್ಟೆ ಹೊದಿಸಿಬಿಡುತ್ತಾರೆ. ಇದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ನಿಧಾನಕ್ಕೂ ಒಂದು ಕಾರಣ ಇರುತ್ತದೆ. ಅದನ್ನು ಹುಡುಕುವುದೇ ಒಂದು ವಿಜ್ಞಾನದ ಪಾಠ.

ಇದಕ್ಕೆ ಡಯಲ್-ಅಪ್ ಕಾಲದ ಉದಾಹರಣೆ ನೋಡೋಣ. ಭಾರತದಲ್ಲಿ ಜನಸಾಮಾನ್ಯರಿಗೆ ಅಂತರಜಾಲ ಸೇವೆ ಆರಂಭವಾದದ್ದು 1995ರ ಆಗಸ್ಟ್ 15ರಂದು. ಆಗ ಮನೆಯ ಗಣಕವು ಮೋಡೆಮ್ ಎಂಬ ಸಾಧನದ ಮೂಲಕ ದೂರವಾಣಿ ಕರೆ ಮಾಡಿ ಅಂತರಜಾಲವನ್ನು ಸೇರುತ್ತಿತ್ತು. ಕರೆ ಸೇರಿದೊಡನೆ ಕೇಳಿಬರುತ್ತಿದ್ದ ಕಿರ್ರ್ ಎಂಬ ಶಬ್ದ ಎರಡು ಮೋಡೆಮ್‌ಗಳ ಮಾತುಕತೆ. ಅವು ತಂತಿಯನ್ನು ಪರೀಕ್ಷಿಸಿ, ಎಷ್ಟು ವೇಗದಲ್ಲಿ ಮಾತನಾಡಬಹುದೆಂದು ಒಪ್ಪಂದ ಮಾಡಿಕೊಳ್ಳುತ್ತಿದ್ದವು.

ಆ ವೇಗಕ್ಕೆ ಮಿತಿಯಿತ್ತು. ದೂರವಾಣಿ ವ್ಯವಸ್ಥೆ ರೂಪುಗೊಂಡದ್ದು ಮನುಷ್ಯರ ಮಾತಿಗಾಗಿ. ಅದು ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ಸಾಗಿಸುತ್ತಿತ್ತು. ಉತ್ತಮ ಮೋಡೆಮ್‌ಗೂ ಸೆಕೆಂಡಿಗೆ 56,000 ಬಿಟ್‌ಗಳೇ ಗರಿಷ್ಠ. 8 ಬಿಟ್ ಸೇರಿದರೆ 1 ಬೈಟ್. ಅಂದರೆ ಸೆಕೆಂಡಿಗೆ 7,000 ಬೈಟ್. 50 ಲಕ್ಷ ಬೈಟ್‌ಗಳ ಒಂದು ಹಾಡು ಬರಲು ಎಷ್ಟು ಸಮಯ ಬೇಕು? ಭಾಗಿಸಿ ನೋಡಿ, ಸುಮಾರು 12 ನಿಮಿಷ! ಇದು ದೋಷವಲ್ಲ, ಅದರ ಮಿತಿ. ದೋಷ ಯಾವುದು, ಮಿತಿ ಯಾವುದು ಎಂದು ತಿಳಿಯುವುದೇ ಮೊದಲ ಹೆಜ್ಜೆ.

ಇದಕ್ಕಿಂತಲೂ ನಿಧಾನವಾದರೆ? ಆಗ ಎರಡನೆಯ ಹೆಜ್ಜೆ, ಅಳೆಯುವುದು. ಸಂಪರ್ಕದ ವೇಗ ಎಷ್ಟೆಂದು ಗಣಕದ ಪರದೆಯೇ ತೋರಿಸುತ್ತಿತ್ತು. ಅಂಕಿ ತೀರ ಕಡಿಮೆಯಿದ್ದರೆ ಅನುಮಾನ ತಂತಿಯ ಮೇಲೆ. ಸಂಪರ್ಕ ಕಡಿದು, ದೂರವಾಣಿಯನ್ನು ಕಿವಿಗಿಟ್ಟು ಕೇಳಬೇಕು. ಗರಗರ ಸದ್ದಿದ್ದರೆ ಮೋಡೆಮ್‌ಗೂ ಅದೇ ತೊಂದರೆ. ತೇವ ಹಿಡಿದ ಜೋಡಣೆಯೋ, ಅದೇ ತಂತಿಗೆ ಸೇರಿಸಿದ ಇನ್ನೊಂದು ದೂರವಾಣಿಯೋ ಕಾರಣವಾಗಿರಬಹುದು. ಹೆಚ್ಚಿನ ದೂರವಾಣಿಯನ್ನು ತೆಗೆದು ಮತ್ತೆ ವೇಗ ನೋಡಬೇಕು. ಅಂಕಿ ಚೆನ್ನಾಗಿದ್ದೂ ಪುಟ ಬರದಿದ್ದರೆ ತಂತಿಯನ್ನು ದೂರುವಂತಿಲ್ಲ. ಒಂದೇ ತಾಣ ನಿಧಾನವೋ, ಎಲ್ಲವೂ ನಿಧಾನವೋ? ಸಂಜೆ ಮಾತ್ರವೋ, ಬೆಳಗಿನ ಜಾವವೂ ಹೀಗೆಯೋ? ಗಣಕದೊಳಗೆ ಬೇರೆ ಯಾವುದಾದರೂ ತಂತ್ರಾಂಶ ಗುಟ್ಟಾಗಿ ಅಂತರಜಾಲವನ್ನು ಬಳಸುತ್ತಿದೆಯೋ? ಒಂದೊಂದು ಪ್ರಶ್ನೆಗೆ ಉತ್ತರ ಸಿಕ್ಕಂತೆ ಹುಡುಕಬೇಕಾದ ಜಾಗ ಕಿರಿದಾಗುತ್ತದೆ.

ಇಲ್ಲಿ ಒಂದು ನಿಯಮ ಮರೆಯಬಾರದು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ತಂತಿ, ಮೋಡೆಮ್, ತಂತ್ರಾಂಶ ಮೂರನ್ನೂ ಒಟ್ಟಿಗೆ ಬದಲಿಸಿದರೆ ಸಂಪರ್ಕ ಸರಿಹೋದೀತು, ಆದರೆ ಕಾರಣ ತಿಳಿಯುವುದಿಲ್ಲ. ಬೀಜ ಮೊಳೆಯಲು ನೀರು ಬೇಕೇ ಎಂದು ನೋಡುವಾಗ ಒಂದು ಬಟ್ಟಲಿಗೆ ನೀರು ಹಾಕಿ, ಇನ್ನೊಂದಕ್ಕೆ ಹಾಕದೆ, ಉಳಿದುದೆಲ್ಲವನ್ನೂ ಒಂದೇ ರೀತಿ ಇಡುತ್ತೀರಲ್ಲ, ಇದೂ ಹಾಗೆಯೇ.

ಅಮೆರಿಕದ ಎಒಎಲ್ ಸಂಸ್ಥೆ ತನ್ನ ಡಯಲ್-ಅಪ್ ಸೇವೆಯನ್ನು 2025ರ ಸೆಪ್ಟೆಂಬರ್ 30ರಂದು ನಿಲ್ಲಿಸಿತು. ಆ ಕಾಲ ಮುಗಿಯುತ್ತಾ ಬಂದಿದೆ, ಆದರೆ ಹುಡುಕುವ ವಿಧಾನ ಹಳೆಯದಾಗಿಲ್ಲ. ಇಂದು ಮೊಬೈಲ್ ಅಂತರಜಾಲ ತಡವರಿಸಿದರೂ ಅವೇ ಪ್ರಶ್ನೆಗಳು. ಈ ಸಾಧನವೋ, ದಾರಿಯೋ, ಆಚೆಯ ತುದಿಯೋ?

ಶಿಕ್ಷಕ ಮಿತ್ರರೇ, ನಿಧಾನವಾದ ಗಣಕವನ್ನು ಮೂಲೆಗೆ ಸರಿಸುವ ಮೊದಲು ಅದನ್ನು ಮಕ್ಕಳ ಮುಂದಿಡಿ. ಯಾವ ಹೊತ್ತಿನಲ್ಲಿ ಪುಟ ತೆರೆಯಲು ಎಷ್ಟು ಸೆಕೆಂಡು ಹಿಡಿಯಿತು ಎಂದು ಒಂದು ವಾರ ಅವರೇ ಬರೆದಿಡಲಿ. ವಿದ್ಯುತ್ ಭಾಗಗಳನ್ನೂ ಕಂಬದ ಪೆಟ್ಟಿಗೆಯನ್ನೂ ಅವರು ಮುಟ್ಟುವುದು ಬೇಡ. ಅದು ತಿಳಿದವರ ಕೆಲಸ. ಆದರೆ ದುರಸ್ತಿಗೆ ಬಂದವರಿಗೆ "ಕೆಟ್ಟಿದೆ" ಎನ್ನುವ ಬದಲು "ಬೆಳಿಗ್ಗೆ 9 ಸೆಕೆಂಡು, ಮಧ್ಯಾಹ್ನ 40 ಸೆಕೆಂಡು" ಎಂದು ಹೇಳುವ ಮಗು ಆಗಲೇ ಅರ್ಧ ಕೆಲಸ ಮುಗಿಸಿರುತ್ತದೆ.